ಅಲ್ಲಿ ಏನು ಕೇಳ್ತಾರೆ, ಫಾದರ್?

ಹಿಂದೂಪುರದ ರೈಲು ನಿಲ್ದಾಣ. ಬೆಂಗಳೂರಿನ ಕಡೆ ಹೋಗುವ ಬೆಳಗಿನ ಗಾಡಿಗಾಗಿ ಕಾಯುತ್ತಾ ನಿಂತಿದ್ದಾಗ ಪರಿಚಯದ ದಂಪತಿ ಎದುರಾದರು. ಗಂಡ ಒಂದು ಕಂಬಕ್ಕೆ ಒರಗಿ ನಿಂತಿದ್ದರು, ಹೆಂಡತಿ ಇನ್ನೊಂದು ಕಂಬದ ಬಳಿ. ನಡುವೆ ನೆಲದ ಮೇಲೆ ಒಂದು ಚೀಲ. ಮದುವೆಯಾಗಿ ಹನ್ನೊಂದು ವರ್ಷವಾದ ಇವರಿಬ್ಬರೂ ಬೆಂಗಳೂರಿನಲ್ಲಿ ಆಪ್ತಸಲಹೆಗಾರರೊಬ್ಬರನ್ನು ಕಾಣಲು ಹೊರಟಿದ್ದರು. ಹೋಗಿ ಬನ್ನಿ ಎಂದು ಒತ್ತಾಯ ಮಾಡಿದವರು ನಾವೇ. ಆಕೆ ಹತ್ತಿರ ಬಂದು, ಗಂಡನಿಗೆ ಕೇಳಿಸದಂತೆ ದನಿ ತಗ್ಗಿಸಿ, "ಅಲ್ಲಿ ಏನು ಕೇಳ್ತಾರೆ, ಫಾದರ್?" ಎಂದರು.

ಸುಲಭದ ಪ್ರಶ್ನೆ ಅಂದುಕೊಂಡೆವು. ಬಾಯಿ ತೆರೆದ ಮೇಲೆ ಗೊತ್ತಾಯಿತು, ನಮಗೆ ಉತ್ತರ ಬರುವುದಿಲ್ಲ ಎಂದು. "ಏನಿಲ್ಲಮ್ಮ, ಸುಮ್ಮನೆ ಮಾತಾಡಿಸ್ತಾರೆ, ಹೆದರಬೇಡಿ" ಎಂದು ಸಾಗಹಾಕಿದೆವು. ಗಾಡಿ ಬಂತು, ಅವರು ಹತ್ತಿದರು. ಕಳುಹಿಸುವವರಿಗೇ ದಾರಿ ಗೊತ್ತಿಲ್ಲವೆಂದರೆ ಹೋಗುವವರ ಗತಿಯೇನು ಎಂಬ ಮಾತು ಮನಸ್ಸಿನಲ್ಲಿ ಉಳಿಯಿತು. ಆಮೇಲೆ ಆಪ್ತಸಲಹೆ ನೀಡುವವರನ್ನೂ, ಅಲ್ಲಿಗೆ ಹೋಗಿ ಬಂದವರನ್ನೂ ಕೇಳಿ, ಓದಿ ತಿಳಿದುಕೊಂಡೆವು. ಆ ತಾಯಿಗೆ ಅಂದು ಹೇಳಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. ಈ ಬರಹದಲ್ಲಿ ಬರುವವರ ಗುರುತು ಹತ್ತದ ಹಾಗೆ ವಿವರಗಳನ್ನು ಬದಲಿಸಿದ್ದೇವೆ.

ಮೊದಲಿಗೆ ಈ ಸೀಮೆಯ ಬಗ್ಗೆ ಎರಡು ಮಾತು. ಹಿಂದೂಪುರ ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. 2022ರ ಏಪ್ರಿಲ್‌ವರೆಗೆ ಎರಡೂ ಒಂದೇ ಜಿಲ್ಲೆಯಾಗಿದ್ದವು. ಧರ್ಮಸಭೆಯ ಲೆಕ್ಕದಲ್ಲಿ ಎರಡೂ 1967ರಲ್ಲಿ ಸ್ಥಾಪನೆಯಾದ ಕರ್ನೂಲು ಧರ್ಮಕ್ಷೇತ್ರದವು. ಹಿಂದೂಪುರದಿಂದ ಗಡಿ ದಾಟಿದರೆ ಗೌರಿಬಿದನೂರು, ಕಲ್ಯಾಣದುರ್ಗದಿಂದ ದಕ್ಷಿಣಕ್ಕೆ ಹೊರಟರೆ ಪಾವಗಡ. ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ಕನ್ನಡ, ಸಂತೆಯಲ್ಲಿ ತೆಲುಗು, ಗುಡಿಯಲ್ಲೂ ತೆಲುಗು. ವರ್ಷದ ಮಳೆ ಸರಾಸರಿ 550 ಮಿಲಿಮೀಟರಿನ ಆಸುಪಾಸು, ಅದೂ ನಂಬುವಂತಿಲ್ಲ. ಕಡಲೆಕಾಯಿ ಬಿತ್ತಿದವನ ಮುಖ ಮುಗಿಲ ಕಡೆ, ಕೊಳವೆ ಬಾವಿ ಕೊರೆಸಿದವನ ಮುಖ ಸಾಲ ಕೊಟ್ಟವನ ಕಡೆ. ದುಡಿಯುವ ಗಂಡಸರು ಬೆಂಗಳೂರಿನಲ್ಲಿ, ಹೆಂಗಸರು ಗಾರ್ಮೆಂಟ್ಸಿನಲ್ಲಿ, ಮಕ್ಕಳು ಅಜ್ಜಿಯ ಬಳಿ. ಇಂಥ ಕಡೆ ಸಂಸಾರದೊಳಗೆ ಬಿರುಕು ಬಿಟ್ಟರೆ ಆಶ್ಚರ್ಯವೇನಿಲ್ಲ.

ಮೈ ಕೆಟ್ಟರೆ ಎಲ್ಲಿಗೆ ಹೋಗಬೇಕು ಎಂಬುದು ನಮ್ಮ ಜನಕ್ಕೆ ಗೊತ್ತು. ವಿನ್ಸೆಂಟ್ ಫೆರರ್ ಅವರು 1969ರಲ್ಲಿ ಅನಂತಪುರಕ್ಕೆ ಬಂದು ಕಟ್ಟಿದ ಆರ್‌ಡಿಟಿ ಸಂಸ್ಥೆ ಕಲ್ಯಾಣದುರ್ಗದಲ್ಲೂ ಆಸ್ಪತ್ರೆ ತೆರೆದಾಗಿನಿಂದ ಹೆರಿಗೆಗೆ, ಜ್ವರಕ್ಕೆ ದೂರ ಓಡುವುದು ಎಷ್ಟೋ ತಪ್ಪಿತು. ಮನಸ್ಸು ಕೆಟ್ಟರೆ? ಮೊದಲು ಅತ್ತೆ, ಆಮೇಲೆ ಊರ ಹಿರಿಯರು, ಆಮೇಲೆ ತಾಯಿತ ಕಟ್ಟುವವನು, ಕೊನೆಗೆ ಫಾದರ್. ನಾವು ಪಟ್ಟಿಯ ಕೊನೆಯಲ್ಲಿರುವುದಕ್ಕೆ ಬೇಸರವಿಲ್ಲ. ಆದರೆ ನಮ್ಮ ಬಳಿ ಬಂದವರಿಗೆ ನಾವು ಮಾಡಿದ್ದೇನು ಎಂಬುದನ್ನು ಒಪ್ಪಿಕೊಳ್ಳಬೇಕಾಗಿದೆ.

ಗುರುಮಠದಲ್ಲಿ ಓದುವಾಗ ನಮಗೆ ಆಪ್ತಸಲಹೆಯೂ ಒಂದು ಪಾಠವಾಗಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಹೇಳಿದ್ದನ್ನು ಉರು ಹೊಡೆದಿದ್ದೆವು. ಬಂದವರ ಮಾತನ್ನು ಅವರ ಜಾಗದಲ್ಲಿ ನಿಂತು ಕೇಳಬೇಕು, ತೀರ್ಪು ಕೊಡಬಾರದು, ದಾರಿ ಹುಡುಕುವ ಶಕ್ತಿ ಅವರಲ್ಲೇ ಇದೆ ಎಂದು ನಂಬಬೇಕು. ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬಂತು. ಧರ್ಮಕೇಂದ್ರಕ್ಕೆ ಬಂದು ಕುರ್ಚಿಯಲ್ಲಿ ಕೂತ ಮೇಲೆ ಅದೆಲ್ಲ ಮರೆತುಹೋಯಿತು. ಕಲ್ಯಾಣದುರ್ಗದ ಕಡೆಯ ಹೆಣ್ಣುಮಗಳೊಬ್ಬರು ಒಂದು ಭಾನುವಾರ ಬಂದು, "ಮನೇಲಿ ಸರಿ ಇಲ್ಲ ಫಾದರ್" ಎಂದರು. ಇನ್ನೊಂದು ಹಳ್ಳಿಯಲ್ಲಿ ಪೂಜೆಗೆ ಹೊತ್ತಾಗಿತ್ತು. "ತಾಳ್ಮೆ ಇರಲಮ್ಮ, ಮಕ್ಕಳ ಮುಖ ನೋಡಿ, ಇಬ್ಬರೂ ಸೇರಿ ಜಪಸರ ಮಾಡಿ" ಎಂದು ಹೇಳಿ ಆಶೀರ್ವಾದ ಮಾಡಿ ಹೊರಟೆವು. ಆಕೆ ಎರಡು ವರ್ಷ ನಮ್ಮ ಕಣ್ಣಿಗೆ ಬೀಳಲಿಲ್ಲ. ಮತ್ತೆ ಸಿಕ್ಕಾಗ ಎಡಗೈ ಸೊಟ್ಟಗಿತ್ತು. ಮುರಿದಿದ್ದ ಮೂಳೆ ಸರಿಯಾಗಿ ಕೂಡಿರಲಿಲ್ಲ. ಮುರಿದವನು ಗಂಡ. ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳಿದೆವು. ಆಕೆ ಸಿಟ್ಟಿಲ್ಲದೆ ಹೇಳಿದರು: "ನೀವು ಆವತ್ತು ಎರಡು ಸಲ ಗಡಿಯಾರ ನೋಡಿದ್ರಿ."

ನಾವು ಕೊಟ್ಟದ್ದು ಸಲಹೆ, ಆಕೆಗೆ ಬೇಕಾಗಿದ್ದದ್ದು ಆಪ್ತಸಲಹೆ. ಎರಡಕ್ಕೂ ಹೆಸರಿನಲ್ಲಿ ಸಂಬಂಧವಿದೆ, ಕೆಲಸದಲ್ಲಿ ಬಹಳ ಅಂತರವಿದೆ.

ಮೊದಲ ಭೇಟಿ

ಒಂದು ಭೇಟಿ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಕರೆಯುತ್ತಾರೆ. ಮೊದಲ ದಿನ ನಿಮ್ಮ ಕಷ್ಟಕ್ಕೆ ಪರಿಹಾರ ಸಿಗುತ್ತದೆ ಎಂದುಕೊಂಡು ಹೋದರೆ ನಿರಾಶೆಯಾಗುತ್ತದೆ. ಅಂದು ಹೆಚ್ಚಾಗಿ ಪ್ರಶ್ನೆಗಳೇ. ಏನಾಗಿದೆ, ಯಾವಾಗಿನಿಂದ, ಈಗಲೇ ಯಾಕೆ ಬಂದಿರಿ, ಬರಬೇಕೆಂದು ಹೇಳಿದವರು ಯಾರು, ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಮನೆಯಲ್ಲಿ ಯಾರು ಯಾರಿದ್ದಾರೆ, ಕುಡಿತ ಉಂಟೇ, ಮೊದಲು ಯಾವುದಾದರೂ ಮಾತ್ರೆ ತೆಗೆದುಕೊಂಡಿದ್ದೀರಾ. ಹಳೆಯ ಚೀಟಿಗಳಿದ್ದರೆ ಜೊತೆಗೆ ಒಯ್ಯುವುದು ಒಳ್ಳೆಯದು. ಎಲ್ಲದಕ್ಕೂ ಅಂದೇ ಉತ್ತರ ಕೊಡಬೇಕೆಂಬ ಕಟ್ಟುಪಾಡಿಲ್ಲ. "ಇದನ್ನು ಈಗ ಹೇಳಲಾರೆ" ಎಂದರೆ ಒಳ್ಳೆಯ ಆಪ್ತಸಲಹೆಗಾರ ಒತ್ತಾಯ ಮಾಡುವುದಿಲ್ಲ. ಅಳು ಬಂದರೆ ಅಳಬಹುದು. ಅಲ್ಲಿ ಮೇಜಿನ ಮೇಲೆ ಕಾಗದದ ಕರವಸ್ತ್ರ ಇಟ್ಟಿರುವುದೇ ಅದಕ್ಕೆ.

ಒಂದು ಪ್ರಶ್ನೆ ಮಾತ್ರ ಹಲವರನ್ನು ಗಾಬರಿಗೊಳಿಸುತ್ತದೆ. "ಸಾಯಬೇಕು ಎಂಬ ಯೋಚನೆ ಬಂದಿದೆಯೇ?" ಎಂದು ನೇರವಾಗಿ ಕೇಳುತ್ತಾರೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಎಂದು ನಾವೂ ಬಹಳ ಕಾಲ ನಂಬಿದ್ದೆವು. ಅದು ನಿಜವಲ್ಲ. ಕೇಳಿದಾಗ ಮನಸ್ಸಿನ ಭಾರ ಇಳಿಯುವುದೇ ಹೆಚ್ಚು. ಹೌದು ಎಂದರೆ ಪೊಲೀಸ್ ಕೇಸಾಗುತ್ತದೆ ಎಂಬ ಹೆದರಿಕೆ ಇನ್ನೊಂದು. ಯೋಚನೆ ಬಂದದ್ದನ್ನು ಹೇಳಿಕೊಳ್ಳುವುದು ಎಂದೂ ಅಪರಾಧವಾಗಿರಲಿಲ್ಲ. ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ಕೂಡ ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದು ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಹೇಳುತ್ತದೆ. ಹಳೆಯ ದಂಡ ಸಂಹಿತೆಯ 309ನೇ ಕಲಮು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಬೆಳೆಗೆ ಹೊಡೆಯುವ ಔಷಧಿ ಕೈಗೆಟುಕುವಲ್ಲೇ ಇರುವ ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ನಿಜವಾದ ಉತ್ತರ ಕೊಡುವುದು ಜೀವದ ಪ್ರಶ್ನೆ.

ಇನ್ನು ಗುಟ್ಟು. ನಮ್ಮ ಜನ ನಮ್ಮನ್ನು ಕೇಳುವ ಎರಡನೆಯ ಪ್ರಶ್ನೆ ಇದೇ: "ಅದು ಪಾಪನಿವೇದನೆಯ ಹಾಗೆಯೇ?" ಹೋಲಿಕೆ ಇದೆ, ಆದರೆ ಒಂದೇ ಅಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರು ಯಾವ ಕಾರಣಕ್ಕೂ ಯಾರಿಗೂ ಹೇಳುವಂತಿಲ್ಲ, ಪ್ರಾಣ ಹೋದರೂ ಹೇಳುವಂತಿಲ್ಲ. ಆಪ್ತಸಲಹೆಗಾರರೂ ನಿಮ್ಮ ಮಾತನ್ನು ನಿಮ್ಮ ಅತ್ತೆಗಾಗಲಿ, ಧಣಿಗಾಗಲಿ, ಕಳುಹಿಸಿದ ಫಾದರ್‌ಗಾಗಲಿ ಹೇಳುವುದಿಲ್ಲ. ನಾವು ಕಳುಹಿಸಿದವರ ಬಗ್ಗೆ ಒಮ್ಮೆ ಫೋನ್ ಮಾಡಿ "ಏನಾಯಿತು?" ಎಂದು ವಿಚಾರಿಸಿದಾಗ, "ಅವರೇ ಹೇಳಿದರೆ ಕೇಳಿ, ಫಾದರ್" ಎಂಬ ಉತ್ತರ ಬಂತು. ಸ್ವಲ್ಪ ಮುಖ ಸಣ್ಣದಾಯಿತು, ಆದರೆ ನಂಬಿಕೆ ಹೆಚ್ಚಿತು. ಹಾಗಿದ್ದರೂ ಅವರ ಗುಟ್ಟಿಗೆ ಮಿತಿಗಳಿವೆ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವೆಂದು ಕಂಡರೆ ಮನೆಯವರಿಗೋ ವೈದ್ಯರಿಗೋ ತಿಳಿಸಲೇಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯಿದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ. ಈ ಮಿತಿಗಳನ್ನು ಮೊದಲ ದಿನವೇ ವಿವರಿಸಬೇಕು. ವಿವರಿಸದಿದ್ದರೆ ನೀವೇ ಕೇಳಿ.

ಮೂರು ನಾಲ್ಕು ಭೇಟಿಗಳಾದ ಮೇಲೆ ಕೆಲವರು, "ಮೊದಲಿಗಿಂತ ಸಂಕಟ ಜಾಸ್ತಿಯಾಗಿದೆ, ಇನ್ನು ಹೋಗುವುದಿಲ್ಲ" ಎನ್ನುತ್ತಾರೆ. ಮುಚ್ಚಿಟ್ಟದ್ದನ್ನು ತೆರೆದಾಗ ಹಾಗಾಗುವುದುಂಟು. ಅದನ್ನು ಅಲ್ಲಿಯೇ, ಅವರ ಎದುರಿಗೇ ಹೇಳಿ. ಅದಕ್ಕೂ ಮೀರಿ ಹೊಂದಿಕೆಯಾಗದಿದ್ದರೆ ಬೇರೊಬ್ಬರ ಬಳಿ ಹೋಗಬಹುದು. ಒಬ್ಬ ದರ್ಜಿ ಹೊಲಿದ ಅಂಗಿ ಬಿಗಿಯಾಯಿತೆಂದು ನಾವು ಅಂಗಿ ಹಾಕುವುದನ್ನೇ ಬಿಡುವುದಿಲ್ಲವಷ್ಟೇ.

ಇಬ್ಬರು ಹೋದಾಗ

ರೈಲು ನಿಲ್ದಾಣದ ಆ ದಂಪತಿಯಲ್ಲಿ ಇಬ್ಬರಿಗೂ ಒಂದೇ ಆಸೆ ಇತ್ತು: ತಪ್ಪು ಎದುರಿನವರದ್ದೆಂದು ಆ ಸಲಹೆಗಾರರು ಹೇಳಿಬಿಡಲಿ! ಪಂಚಾಯಿತಿ ನೋಡಿ ಬೆಳೆದ ನಮಗೆ ಮೂರನೆಯವರ ಮುಂದೆ ಕೂತರೆ ತೀರ್ಪು ಬರಲೇಬೇಕು ಎನಿಸುತ್ತದೆ. ಅಲ್ಲಿ ತೀರ್ಪು ಬರುವುದಿಲ್ಲ. ಆಪ್ತಸಲಹೆಗಾರರು ಜಗಳದ ವಿಷಯಕ್ಕಿಂತ ಜಗಳವಾಡುವ ರೀತಿಯನ್ನು ಗಮನಿಸುತ್ತಾರೆ. ಒಬ್ಬರು ಮಾತು ಮುಗಿಸುವ ಮೊದಲೇ ಇನ್ನೊಬ್ಬರು ಬಾಯಿ ಹಾಕುತ್ತಾರೋ, ಒಬ್ಬರು ಕೂಗಿದಷ್ಟೂ ಇನ್ನೊಬ್ಬರು ಕಲ್ಲಾಗುತ್ತಾರೋ, ತವರು ಮನೆಯ ಹೆಸರು ಎಷ್ಟು ಬೇಗ ಬರುತ್ತದೆ. ಅಮೆರಿಕದ ಜಾನ್ ಗಾಟ್ಮನ್ ಎಂಬುವರು ಎಷ್ಟೋ ದಂಪತಿಗಳ ಮಾತುಕತೆಯನ್ನು ಚಿತ್ರೀಕರಿಸಿ ಅಧ್ಯಯನ ಮಾಡಿ, ದಾಂಪತ್ಯವನ್ನು ಕೊರೆಯುವ ನಾಲ್ಕು ಚಾಳಿಗಳನ್ನು ಗುರುತಿಸಿದರು: ವ್ಯಕ್ತಿಯನ್ನೇ ದೂಷಿಸುವುದು, ತಾತ್ಸಾರ, ತನ್ನನ್ನು ಸಮರ್ಥಿಸಿಕೊಳ್ಳುತ್ತಲೇ ಇರುವುದು, ಮಾತು ಬಿಟ್ಟು ಗೋಡೆಯಾಗುವುದು. ಇವುಗಳಲ್ಲಿ ತಾತ್ಸಾರವೇ ಅತ್ಯಂತ ಕೆಟ್ಟದ್ದು ಎಂಬುದು ಅವರ ಅಭಿಪ್ರಾಯ. ಮದುವೆ ಮಾಡಿಸುವ ನಮ್ಮ ಅನುಭವವೂ ಅದನ್ನೇ ಹೇಳುತ್ತದೆ.

ಇಬ್ಬರನ್ನೂ ಒಟ್ಟಿಗೆ ಕೂರಿಸುವುದರ ಜೊತೆಗೆ ಸಾಮಾನ್ಯವಾಗಿ ಒಬ್ಬೊಬ್ಬರನ್ನೇ ಬೇರೆಯಾಗಿಯೂ ಮಾತನಾಡಿಸುತ್ತಾರೆ. ಬೇರೆಯಾಗಿ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುತ್ತಾರೆಯೇ ಇಲ್ಲವೇ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಈ ವಿಷಯದಲ್ಲಿ ಎಲ್ಲರ ಪದ್ಧತಿ ಒಂದೇ ಅಲ್ಲ. ಮನೆಗೆ ಅಭ್ಯಾಸವನ್ನೂ ಕೊಡುತ್ತಾರೆ. ನಮ್ಮ ದಂಪತಿಗೆ ಕೊಟ್ಟದ್ದು ಹೀಗಿತ್ತು: ರಾತ್ರಿ ಟಿವಿ ಆರಿಸಿ ಹತ್ತು ನಿಮಿಷ ಒಬ್ಬರು ಮಾತಾಡಬೇಕು, ಇನ್ನೊಬ್ಬರು ಸುಮ್ಮನೆ ಕೇಳಬೇಕು, ಮರುದಿನ ಅದಲುಬದಲು. "ಹತ್ತು ನಿಮಿಷ ಅಂದ್ರೆ ಇಷ್ಟು ಉದ್ದ ಅಂತ ಗೊತ್ತಿರಲಿಲ್ಲ" ಎಂದರು ಗಂಡ.

ಆದರೆ ಹೊಡೆತ ಬಡಿತ ಇರುವ ಮನೆಗೆ ಈ ಮಾತು ಅನ್ವಯಿಸುವುದಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ನಾವು ಎಡವಿದ್ದು ಇಲ್ಲಿಯೇ. ಹೊಡೆಯುವವನನ್ನೂ ಹೊಡೆಸಿಕೊಂಡವಳನ್ನೂ ಪಕ್ಕಪಕ್ಕದಲ್ಲಿ ಕೂರಿಸಿ "ಮನಸ್ಸು ಬಿಚ್ಚಿ ಮಾತಾಡಿ" ಎಂದರೆ, ಅಲ್ಲಿ ಬಿಚ್ಚಿದ ಮಾತಿಗೆ ರಾತ್ರಿ ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ. ಆದ್ದರಿಂದಲೇ ತಿಳಿದವರು ಮೊದಲು ಹೆಂಡತಿಯನ್ನು ಒಬ್ಬರನ್ನೇ ಕರೆದು "ಮನೆಯಲ್ಲಿ ಹೆದರಿಕೆ ಇದೆಯೇ?" ಎಂದು ಕೇಳುತ್ತಾರೆ. ಇದೆ ಎಂದಾದರೆ ಮೊದಲ ಕೆಲಸ ಆಕೆಯ ಸುರಕ್ಷತೆ, ರಾಜಿಯಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ನೀಡುವ 2005ರ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರಲ್ಲಿ ರಕ್ಷಣೆಯ ಆದೇಶವನ್ನೂ, ಮನೆಯಲ್ಲಿ ವಾಸಿಸುವ ಹಕ್ಕನ್ನೂ ನ್ಯಾಯಾಲಯದಿಂದ ಪಡೆಯಬಹುದು. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಸೊಟ್ಟ ಕೈಯ ಆ ತಾಯಿಗೆ ನಾವು ಈ ಸಂಖ್ಯೆಯನ್ನು ಕೊಟ್ಟದ್ದು ಎರಡು ವರ್ಷ ತಡವಾಗಿ. ಇಂದು ಆಕೆ ಮಕ್ಕಳೊಂದಿಗೆ ಬೇರೆ ಊರಿನಲ್ಲಿದ್ದಾರೆ, ತಾನೇ ದುಡಿಯುತ್ತಿದ್ದಾರೆ. ತಾಳ್ಮೆ ಸದ್ಗುಣ ನಿಜ, ಆದರೆ ಏಟು ತಿನ್ನುವುದಕ್ಕೆ ನಾವು ಆ ಹೆಸರಿಡಬಾರದಾಗಿತ್ತು.

ಮನೆಯವರೆಲ್ಲ ಹೋದಾಗ

"ಇವನನ್ನು ಸರಿ ಮಾಡಿಕೊಡಿ" ಎಂದು ತಂದೆತಾಯಿ ಮಗನನ್ನು ಕರೆತರುತ್ತಾರೆ. ಹಿಂದೂಪುರದ ಹದಿನಾರರ ಹುಡುಗನೊಬ್ಬ ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿ, ಹಗಲಿಡೀ ಮೊಬೈಲು ಹಿಡಿದು ಮಲಗಿರುತ್ತಿದ್ದ. ಕುಟುಂಬ ಆಪ್ತಸಲಹೆಯಲ್ಲಿ ಕರೆತಂದವರಿಗೂ ಕುರ್ಚಿ ಹಾಕುತ್ತಾರೆ ಎಂಬುದು ಅಪ್ಪನಿಗೆ ಗೊತ್ತಿರಲಿಲ್ಲ. "ಮನೆಯಲ್ಲಿ ಊಟಕ್ಕೆ ಯಾರು ಯಾರ ಜೊತೆ ಕೂರುತ್ತೀರಿ?" ಎಂದು ಕೇಳಿದರಂತೆ. ಯಾರೂ ಯಾರ ಜೊತೆಯೂ ಕೂರುತ್ತಿರಲಿಲ್ಲ. ಕೊಳವೆ ಬಾವಿಗೆಂದು ಮಾಡಿದ ಸಾಲವನ್ನು ಅಪ್ಪ ಒಂದೂವರೆ ವರ್ಷದಿಂದ ಹೆಂಡತಿಗೂ ಹೇಳಿರಲಿಲ್ಲ. ಮಗನಿಗೆ ಮಾತ್ರ ಗೊತ್ತಿತ್ತು, ಸಾಲ ಕೊಟ್ಟವನ ಫೋನನ್ನು ಒಮ್ಮೆ ಅವನೇ ಎತ್ತಿದ್ದ. ಅಪ್ಪನನ್ನು ಒಬ್ಬನೇ ಬಿಟ್ಟು ಹೋದರೆ ಏನು ಮಾಡಿಕೊಳ್ಳುತ್ತಾನೋ ಎಂದು ಹುಡುಗ ಮನೆ ಬಿಟ್ಟು ಕದಲುತ್ತಿರಲಿಲ್ಲ! ಇದು ಹೊರಬಿದ್ದದ್ದು ನಾಲ್ಕನೆಯ ಭೇಟಿಯಲ್ಲಿ. ಎಲ್ಲರ ಮನೆಯಲ್ಲೂ ಹೀಗೆಯೇ ಇರುತ್ತದೆಂದಲ್ಲ, ಮೊಬೈಲಿನ ಚಟವೇ ನಿಜವಾದ ತೊಂದರೆಯಾಗಿರುವ ಮಕ್ಕಳೂ ಇದ್ದಾರೆ. ಆದರೆ ಯಾರನ್ನು ರೋಗಿಯೆಂದು ಕರೆತಂದಿದ್ದೇವೋ ಅವರನ್ನಷ್ಟೇ ನೋಡಿದರೆ ಇಂಥದ್ದು ಕಾಣುವುದಿಲ್ಲ.

ಮನೆಯವರನ್ನು ಜೊತೆಗೆ ಸೇರಿಸಿಕೊಳ್ಳುವುದು ನಮ್ಮ ದೇಶಕ್ಕೆ ಹೊರಗಿನಿಂದ ಬಂದ ಶೋಕಿಯಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಅವರ ಮನೆಯವರನ್ನೂ ಉಳಿಸಿಕೊಳ್ಳುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ಮನೋವೈದ್ಯ ಕೇಂದ್ರ ಬೆಳೆದು ಬಂತು.

ಯಾರ ಬಳಿ, ಯಾವ ಭಾಷೆಯಲ್ಲಿ

ಮಾತ್ರೆ ಬರೆದುಕೊಡುವವರು ಮನೋವೈದ್ಯರು, ಅವರು ಎಂ.ಬಿ.ಬಿ.ಎಸ್. ಓದಿದ ವೈದ್ಯರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮಾತ್ರೆ ಕೊಡುವುದಿಲ್ಲ, ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ಅವರ ಕೆಲಸ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಆಪ್ತಸಲಹೆಗಾರ ಎಂಬ ಫಲಕವನ್ನು ಮಾತ್ರ ಯಾರು ಬೇಕಾದರೂ ತೂಗುಹಾಕಿಕೊಂಡಿರುವುದನ್ನು ಕಂಡಿದ್ದೇವೆ. ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿದ್ದೀರಿ, ಎಷ್ಟು ಶುಲ್ಕ ಎಂದು ಕೇಳುವುದು ಅವಮರ್ಯಾದೆಯಲ್ಲ. ಮೂರು ಭೇಟಿಯಲ್ಲಿ ಗ್ಯಾರಂಟಿ ಎನ್ನುವವರ ಬಳಿಯಿಂದ, ಅವರು ನಮ್ಮ ಹಾಗೆ ಬಿಳಿ ನಿಲುವಂಗಿ ತೊಟ್ಟವರೇ ಆಗಿರಲಿ, ಎದ್ದು ಬನ್ನಿ.

ಬೆಂಗಳೂರಿಗೆ ಹೋಗಲು ಹಿಂದೂಪುರದವರಿಗೆ ರೈಲಿದೆ. ಕಲ್ಯಾಣದುರ್ಗದವರಿಗೆ ಅದು ಒಂದು ದಿನದ ಕೂಲಿಯ ಜೊತೆಗೆ ಬಸ್ಸಿನ ಖರ್ಚು. ಆದ್ದರಿಂದ ಮೊದಲು ಹತ್ತಿರದಲ್ಲೇ ವಿಚಾರಿಸುವುದು ಒಳ್ಳೆಯದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬುದೊಂದಿದೆ. ಅದರ ಬೇರು ನಮ್ಮ ನೆರೆಯ ಬಳ್ಳಾರಿಯಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ದೇಶಕ್ಕೆ ಮಾದರಿಯಾಯಿತು. ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ಹೊರರೋಗಿ ವಿಭಾಗ ಯಾವ ದಿನ ಎಂದು ಕೇಳಿಕೊಂಡು ಹೋಗಬಹುದು.

ಎಲ್ಲಿಗೂ ಹೋಗಲಾಗದವರಿಗೆ ಫೋನ್ ಇದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾಯಿತು. ಸಂಖ್ಯೆ 14416. ಹಗಲು ರಾತ್ರಿ ಎನ್ನದೆ ಉಚಿತವಾಗಿ ಸಿಗುತ್ತದೆ. ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ತೆಲುಗೂ ಇವೆ.

ಭಾಷೆಯ ಮಾತು ಸಣ್ಣದೆಂದು ತಿಳಿಯಬೇಡಿ. ಕಲ್ಯಾಣದುರ್ಗದ ಶಿಕ್ಷಕಿಯೊಬ್ಬರು ತೆಲುಗಿನಲ್ಲಿ ಓದಿ, ತೆಲುಗಿನಲ್ಲೇ ಪಾಠ ಹೇಳುವವರು. ಅನಂತಪುರದಲ್ಲಿ ಆಪ್ತಸಲಹೆಗೆ ಹೋಗಿ ಮೂರು ವಾರ ಅಚ್ಚುಕಟ್ಟಾದ ತೆಲುಗಿನಲ್ಲಿ ಎಲ್ಲವನ್ನೂ ವಿವರಿಸಿದರು. ನಾಲ್ಕನೆಯ ವಾರ ತೀರಿಹೋದ ತಾಯಿಯ ಪ್ರಸ್ತಾಪ ಬಂದಾಗ ಬಾಯಿಂದ ಹೊರಟದ್ದು ಮನೆಯ ಕನ್ನಡ. ಎದುರಿಗಿದ್ದವರಿಗೆ ಅರ್ಧವೇ ಅರ್ಥವಾಗಿದ್ದರೂ ಅವರು ತಡೆಯಲಿಲ್ಲ. ಎರಡೂ ಭಾಷೆ ಬಲ್ಲವರು ಸಿಕ್ಕರೆ ಒಳ್ಳೆಯದು, ಫೋನಿನಲ್ಲೇ ಮೊದಲು ಕೇಳಿ. ಸಿಗದಿದ್ದರೆ, ತೆಲುಗಿನಲ್ಲಿ ಬಾರದ ಮಾತನ್ನು ಕನ್ನಡದಲ್ಲೇ ಆಡಿ, ಆಮೇಲೆ ಅರ್ಥ ಹೇಳಿ. ಮಗನನ್ನೋ ಗಂಡನನ್ನೋ ಅನುವಾದಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ಕೆಲವು ಮಾತುಗಳು ಅವರ ಬಾಯಿಯನ್ನು ದಾಟುವುದಿಲ್ಲ.

ರೈಲು ನಿಲ್ದಾಣದ ದಂಪತಿ ಮೂರು ಸಲ ಹೋಗಿ ಬಂದು, ಬೆಳೆಯ ಕೆಲಸವೆಂದು ಬಿಟ್ಟು, ಮತ್ತೆ ತಾವಾಗಿಯೇ ಹೋಗಲು ಶುರುಮಾಡಿದರು. ಜಗಳ ನಿಂತಿದೆಯೇ ಎಂದು ನಾವು ಕೇಳಲಿಲ್ಲ. ಒಂದು ಸಂಜೆ ಗುಡಿಯ ಅಂಗಳದಲ್ಲಿ ಸಿಕ್ಕಾಗ, ಅಂದಿನ ಪ್ರಶ್ನೆಗೆ ಉತ್ತರ ಹೇಳಲಾಗದ್ದಕ್ಕೆ ಕ್ಷಮೆ ಕೇಳಿದೆವು. ಮೊದಲ ದಿನ ನಿಜವಾಗಿ ಏನು ಕೇಳಿದರು ಎಂದು ವಿಚಾರಿಸಿದೆವು. ಆಕೆ ನಕ್ಕರು. "ಹಿಂದೂಪುರದಿಂದ ಬಂದ್ರಾ, ಮನೆ ಎಷ್ಟು ಹೊತ್ತಿಗೆ ಬಿಟ್ರಿ, ತಿಂಡಿ ಆಯ್ತಾ ಅಂತ ಕೇಳಿದ್ರು ಫಾದರ್. ಇವರು ಆಯ್ತು ಅಂದ್ರು, ನಾನು ಇಲ್ಲ ಅಂದೆ. ಅಲ್ಲಿಂದಲೇ ಶುರುವಾಯ್ತು."